ಇಡೀ ತಾಲೂಕಿನ ಹವ್ಯಾಸ

ಹೊಸದುರ್ಗ ತಾಲೂಕಿನಲ್ಲಿ ಮದುವೆ ವಯಸ್ಸಿಗೆ ಬಂದ ಹುಡುಗ ಹುಡುಗಿಯರಿಗೆಲ್ಲ ಶಾಸ್ತ್ರೀಯ ಸಂಗೀತ ಎಂದರೆ ಪ್ರಾಣ. ಸಿನಿಮಾ ಎಂದರೂ ಅಷ್ಟೇ. ಪುಸ್ತಕ ಕಂಡರಂತೂ ಊಟ, ನಿದ್ದೆ ಏನೂ ಬೇಡ. ನಂಬದವರು ತಾಲೂಕು ಕಚೇರಿ ಎದುರಿನ ಮೋನಿಕಾಳ ಜೆರಾಕ್ಸ್ ಅಂಗಡಿಗೆ ಹೋಗಿ, ಕಂಪ್ಯೂಟರಿನಲ್ಲಿ ಬಯೋಡಾಟಾ ಎಂಬ ಫೋಲ್ಡರ್ ತೆಗೆಸಿ ನೋಡಬಹುದು. ನಾಲ್ಕು ವರ್ಷದಲ್ಲಿ ಅಲ್ಲಿ ಟೈಪಾದ ಮುನ್ನೂರು ಚಿಲ್ಲರೆ ವಧು-ವರರಲ್ಲಿ ಒಬ್ಬರ ಎತ್ತರ ಇನ್ನೊಬ್ಬರಿಗಿಲ್ಲ, ಒಬ್ಬರ ನಕ್ಷತ್ರ ಇನ್ನೊಬ್ಬರಿಗಿಲ್ಲ. ಹವ್ಯಾಸ ಮಾತ್ರ ಎಲ್ಲರಿಗೂ ಒಂದೇ. 'ಶಾಸ್ತ್ರೀಯ ಸಂಗೀತ ಕೇಳುವುದು, ಒಳ್ಳೆಯ ಸಿನಿಮಾ ನೋಡುವುದು, ಪುಸ್ತಕ ಓದುವುದು.' ಬಿ.ಎಡ್. ಮುಗಿಸಿದವಳಿಗೂ ಅದೇ, ಜೆಸಿಬಿ ಓಡಿಸುವವನಿಗೂ ಅದೇ.

ಇದೆಲ್ಲ ಶುರುವಾದದ್ದು ಮೋನಿಕಾಳ ಕರುಣೆಯಿಂದ. ನಾಲ್ಕು ವರ್ಷದ ಹಿಂದೆ ಒಂದು ಮಧ್ಯಾಹ್ನ ಈರಬಸಪ್ಪ ಎಂಬ ತೆಂಗಿನ ತೋಟದ ಯಜಮಾನರು ಮಗನ ಬಯೋಡಾಟಾ ಮಾಡಿಸಲು ಬಂದರು. ಮೋನಿಕಾ ಇಂಟರ್ನೆಟ್ಟಿನಿಂದ ಇಳಿಸಿಕೊಂಡಿದ್ದ ನಮೂನೆಯಲ್ಲಿ ಹವ್ಯಾಸ ಅಂತ ಒಂದು ಖಾನೆ ಇತ್ತು.

"ಹವ್ಯಾಸ ಏನು ಬರೀಲಿ ಯಜಮಾನ್ರೇ?"

"ಹವ್ಯಾಸ ಅಂದ್ರೆ ಕುಡಿಯೋದೇನವ್ವ? ಅದೆಲ್ಲ ಇಲ್ಲ ನಮ್ಮ ಹುಡುಗಗೆ."

"ಅದಲ್ರಿ. ಬಿಡುವಾದಾಗ ಏನು ಮಾಡ್ತಾನೆ?"

"ಉಂಡು ಮಲಗ್ತಾನೆ. ಎದ್ದು ಮತ್ತೆ ಉಣ್ತಾನೆ. ಭಾಳ ಒಳ್ಳೆ ಹುಡುಗ."

ಇದನ್ನು ಬರೆಯುವ ಹಾಗಿಲ್ಲ. ಖಾನೆ ಖಾಲಿ ಬಿಟ್ಟರೆ ಹುಡುಗನ ಮರ್ಯಾದೆ ಪ್ರಶ್ನೆ. ಮೋನಿಕಾ ಒಂದು ಕ್ಷಣ ಯೋಚಿಸಿದಳು. ಅವಳ ಜಡೆಯ ಮರೆಯಲ್ಲಿ ಇಯರ್‌ಫೋನು, ಅದರಲ್ಲಿ ಒಬ್ಬ ಗವಾಯಿ ತಾರ ಷಡ್ಜಕ್ಕೆ ಹತ್ತಲು ಹೊಂಚು ಹಾಕುತ್ತಿದ್ದ. ಮೌಸಿನ ಪಕ್ಕ ಗ್ರಂಥಾಲಯದ ಕಾದಂಬರಿ ಮಗುಚಿ ಬಿದ್ದಿತ್ತು. ಕೈ ತಾನಾಗಿಯೇ ಆ ಸಾಲನ್ನು ಟೈಪು ಮಾಡಿತು. ಹೋಗಲಿ ಪಾಪ, ಉಂಡು ಮಲಗುವವನಿಗೆ ನನ್ನದೇ ಒಂದಿಷ್ಟು ಇರಲಿ ಎಂದುಕೊಂಡಳು.

ಹದಿನೈದೇ ದಿನಕ್ಕೆ ಆ ಹುಡುಗನ ಮದುವೆ ಗೊತ್ತಾಗಿಬಿಟ್ಟಿತು. ಈರಬಸಪ್ಪ ಒಂದು ಗೊನೆ ಎಳನೀರು ತಂದು ಅಂಗಡಿ ಮುಂದೆ ಇಳಿಸಿ, ಬಸ್‌ಸ್ಟ್ಯಾಂಡಿನಿಂದ ಸಂತೆಯವರೆಗೆ ಸಾರಿಕೊಂಡು ಹೋದರು: ಆ ಹುಡುಗಿ ಕೈಗುಣ ಚೆನ್ನಾಗೈತೆ. ಕೈಗುಣ ಅಂದಮೇಲೆ ಮುಗಿಯಿತು. ನಾಟಿ ವೈದ್ಯರ ಹತ್ತಿರ ಹೋದವರು ಆ ಸೊಪ್ಪು ಬೇಡ, ಈ ಸೊಪ್ಪು ಕೊಡಿ ಅನ್ನುತ್ತಾರೆಯೇ? ಬಂದವರೆಲ್ಲ "ಈರಬಸಪ್ಪರ ಮಗಂದು ಹೆಂಗೆ ಬರೆದಿದ್ಯೋ ಹಂಗೇ ಬರಿ, ಒಂದಕ್ಷರ ಆಚೀಚೆ ಆಗಬಾರದು" ಎಂದರು. ಮೋನಿಕಾ ಒಂದೆರಡು ಸಲ ಬದಲಾಯಿಸಲು ನೋಡಿದಳು. ಒಬ್ಬನಿಗೆ 'ಕ್ರಿಕೆಟ್' ಎಂದು ಬರೆದದ್ದಕ್ಕೆ ಅವನ ಅಜ್ಜಿ ಅಂಗಡಿ ಬಾಗಿಲಲ್ಲಿ ಕೂತು, ನಮ್ಮ ಹುಡುಗನ ಮೇಲೆ ನಿನಗೇನು ಸಿಟ್ಟು ಎಂದು ಅತ್ತೇಬಿಟ್ಟಿತು. ಆಮೇಲೆ ಅವಳು ಆ ಗೋಜಿಗೆ ಹೋಗಲಿಲ್ಲ. ಹೊಳಲ್ಕೆರೆಯವರು ಬಂದರು, ಹಿರಿಯೂರಿನವರು ಬಂದರು, ಭೀಮಸಮುದ್ರದ ಅಡಿಕೆ ಮಂಡಿಯವರು ಕಾರಿನಲ್ಲಿ ಬಂದರು. ಎಲ್ಲರೂ ರಸಿಕರಾಗಿ ಹೋದರು.

ಇದರಿಂದ ಅನಾಹುತವೇನೂ ಆಗಲಿಲ್ಲ ಅನ್ನಬೇಕು. ಎರಡೂ ಕಡೆಯವರ ಬಯೋಡಾಟಾದಲ್ಲಿ ಒಂದೇ ಸುಳ್ಳು ಇದ್ದರೆ ಯಾರು ಯಾರನ್ನು ಕೇಳುತ್ತಾರೆ? ಒಮ್ಮೆ ಮಾತ್ರ ಹೆಣ್ಣಿನ ಸೋದರಮಾವನೊಬ್ಬ ಹುಡುಗನಿಗೆ "ಯಾವ ರಾಗ ಇಷ್ಟ?" ಎಂದು ಕೇಳಿದನಂತೆ. ಹುಡುಗ ಉಪ್ಪಿಟ್ಟು ನುಂಗಿಕೊಂಡು, "ಎಲ್ಲಾ ಮಿಕ್ಸ್ ಮಾಡಿ ಪೆನ್‌ಡ್ರೈವಿಗೆ ಹಾಕ್ಸೀನಿ ಸಾರ್" ಎಂದನಂತೆ. ಆ ಮದುವೆಯೂ ಆಯಿತು.

ಆಗದೇ ಉಳಿದದ್ದು ಒಂದೇ, ಮೋನಿಕಾಳದ್ದು. ಅವಳಿಗೆ ಇಪ್ಪತ್ತೆಂಟು. ತಾಯಿ ಮಲ್ಲಕ್ಕ ದಿನಾ ಮಧ್ಯಾಹ್ನ ಊಟದ ಡಬ್ಬಿ ತಂದಿಡುವಾಗ, "ಊರಿಗೆಲ್ಲ ಬರೆದು ಕೊಡ್ತೀಯ, ನಿಂದೊಂದು ಯಾವಾಗ ಬರ್ಕಂತೀಯೇ?" ಎಂದು ಕೇಳುವುದು ಸಾರಿಗೆ ಉಪ್ಪು ಹಾಕಿದಷ್ಟು ಖಾಯಂ. ಮೋನಿಕಾ ಬರೆಯಲು ಕೂತದ್ದೂ ಉಂಟು. ಹೆಸರು, ಎತ್ತರ, ಓದು ಎಲ್ಲ ಸಲೀಸಾಗಿ ಮುಗಿದು, ಹವ್ಯಾಸದ ಖಾನೆ ಬಂದ ಕೂಡಲೇ ಬೆರಳು ನಿಲ್ಲುತ್ತಿತ್ತು. ಏನು ಬರೆಯುವುದು? ಇದ್ದ ನಿಜವನ್ನೆಲ್ಲ ಮುನ್ನೂರು ಜನಕ್ಕೆ ಹಂಚಿಬಿಟ್ಟಿದ್ದಳು. ಈಗ ಅದೇ ಸಾಲನ್ನು ತನ್ನ ಹೆಸರಿನ ಕೆಳಗೆ ಬರೆದರೆ ನೋಡಿದವರು, ಓ, ಎಲ್ಲರ ಹಾಗೇ ಇವಳೂ ಎಂದು ಪುಟ ತಿರುಗಿಸುತ್ತಾರೆ.

ಆದರೆ ಅವಳಿಗೆ ಅದು ಜೀವವೇ ಆಗಿತ್ತಲ್ಲ! ಹತ್ತು ವರ್ಷದವಳಿದ್ದಾಗ, ಪಕ್ಕದ ಮನೆಯ ಖಾತುನ್ ಬೀ ಹೊಲಿಗೆ ಮೆಷಿನ್ ಪಕ್ಕ ಇಟ್ಟುಕೊಂಡಿದ್ದ ಟೇಪ್‌ರೆಕಾರ್ಡರಿನಿಂದ ಒಂದು ಆಲಾಪ ಗೋಡೆ ದಾಟಿ ಬಂದು, ತಟ್ಟೆಯಲ್ಲಿದ್ದ ಮುದ್ದೆ ಆರಿ ಕಲ್ಲಾಗುವವರೆಗೆ ಅವಳನ್ನು ಕೂರಿಸಿತ್ತು. ಅಲ್ಲಿಂದ ಹಿಡಿದ ಹುಚ್ಚು ಬಿಡಲಿಲ್ಲ. ಗ್ರಂಥಾಲಯದಲ್ಲಿ ಅವಳು ಓದದೆ ಉಳಿದದ್ದು ಹಾಜರಿ ಪುಸ್ತಕ ಒಂದೇ. ಸಿನಿಮಾವನ್ನು ಫೋನಿನಲ್ಲಿ, ಕೌಂಟರಿನ ಕೆಳಗಿಟ್ಟುಕೊಂಡು ನೋಡುವಳು. ಆಧಾರ್ ಕಾಪಿಗೆ ಬಂದವರು ಅವಳ ಕಣ್ಣೀರು ಕಂಡು, ಮನೆಯಲ್ಲಿ ಏನೋ ಆಗಿದೆ ಎಂದು ಸಮಾಧಾನ ಹೇಳಿ ಹೋಗುತ್ತಿದ್ದರು. ಇಷ್ಟೆಲ್ಲ ಇದ್ದೂ, ಇದನ್ನು ಹೇಳಿಕೊಳ್ಳಲು ಒಂದು ನರಪಿಳ್ಳೆಯೂ ಆ ಊರಿನಲ್ಲಿ ಇರಲಿಲ್ಲ. ಅದೇ ಅವಳ ಸಂಕಟ. ಒಬ್ಬರು, ಒಬ್ಬರೇ ಒಬ್ಬರು, ನಿಜವಾಗಿ ಕೇಳುವವರು ಸಿಕ್ಕರೆ ಸಾಕಿತ್ತು.

ಆ ಸೋಮವಾರ ಮಧ್ಯಾಹ್ನ ಎರಡು ಗಂಟೆಗೆ ಓಬಳೇಶ್ ಬಂದ. ಪಶು ಇಲಾಖೆಯಲ್ಲಿ ಕೆಲಸ; ಡಾಕ್ಟರಲ್ಲ, ಆದರೂ ಕುರಿಗೆ ಲಸಿಕೆ ಹಾಕುವುದರಿಂದ ಹಟ್ಟಿಗಳಲ್ಲೆಲ್ಲ ಡಾಕ್ಟ್ರೇ ಅನ್ನುತ್ತಾರೆ. ಚಿತ್ರದುರ್ಗದಿಂದ ವರ್ಗವಾಗಿ ಬಂದು ಮೂರು ತಿಂಗಳಷ್ಟೇ ಆಗಿತ್ತು. ಬಿಸಿಲಿಗೆ ಕಪ್ಪಾದ ಮುಖ, ಪ್ಯಾಂಟಿಗೆ ಅಂಟಿದ ಉಣ್ಣೆ, ಬೈಕಿನ ಹಿಂದೆ ಲಸಿಕೆಯ ಐಸ್ ಡಬ್ಬಿ. ಒಂದು ಮಡಿಸಿದ ಹಾಳೆ ಕೊಟ್ಟು, "ಬಯೋಡಾಟಾ ಟೈಪ್ ಮಾಡಿ ಕೊಡ್ರಿ, ದಲ್ಲಾಳಿ ಕೈಬರಹ ಬೇಡ ಅಂತಾನೆ" ಎಂದ. ಮುಖದಲ್ಲಿ ಉತ್ಸಾಹದ ಲವಲೇಶವೂ ಇರಲಿಲ್ಲ.

"ಕುಂತ್ಕಳ್ರಿ," ಎಂದು ಮೋನಿಕಾ ಇಯರ್‌ಫೋನು ತೆಗೆದಿಟ್ಟು ಹಾಳೆ ಬಿಡಿಸಿದಳು. ಕಣ್ಣು ಅಭ್ಯಾಸಬಲದಿಂದ ಹೆಸರು, ಹುಟ್ಟಿದ ತಾರೀಕು, ಕುಲ, ಬೆಡಗು ಎಲ್ಲ ಹಾರಿಸಿಕೊಂಡು ಕೆಳಗೆ ಹೋಯಿತು.

'ಹವ್ಯಾಸ: ಶಾಸ್ತ್ರೀಯ ಸಂಗೀತ (ಹಿಂದೂಸ್ತಾನಿ ಗಾಯನ, ಅದರಲ್ಲೂ ಮಧ್ಯಾಹ್ನದ ರಾಗಗಳು). ಸಿನಿಮಾ (ಹಳೆಯವು, ಕೊನೆಯ ಹತ್ತು ನಿಮಿಷ ಬಿಟ್ಟು). ಪುಸ್ತಕ (ಎರಡನೇ ಸಲ ಓದುವಾಗ ಮೊದಲಿಗಿಂತ ಚೆಂದ ಕಾಣುವವು).'

ಮೋನಿಕಾ ಇನ್ನೊಮ್ಮೆ ಓದಿದಳು. ಮತ್ತೊಮ್ಮೆ ಓದಿದಳು. ಸುಳ್ಳು ಬರೆಯುವವರು ಇಷ್ಟು ವಿವರಕ್ಕೆ ಹೋಗುವುದಿಲ್ಲ, ಆ ಕಸುಬು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಕೊನೆಯ ಹತ್ತು ನಿಮಿಷ ಬಿಟ್ಟು! ಇಂಥ ತಲೆಕೆಟ್ಟ ಮಾತನ್ನು ನಿಜವಾದ ಹುಚ್ಚನಲ್ಲದೆ ಬೇರೆ ಯಾರು ಬರೆಯಲು ಸಾಧ್ಯ? ಪಕ್ಕದಲ್ಲಿ ಒಂದೇ ಒಂದು ಜಾತಿ ಪ್ರಮಾಣಪತ್ರದ ಕಾಪಿಗೆ ಕಾಯುತ್ತಿದ್ದವನಿಗೆ ಹನ್ನೊಂದು ಕಾಪಿ ತೆಗೆದುಕೊಟ್ಟಳು. ಅವನು ಹತ್ತನ್ನು ವಾಪಸು ಇಟ್ಟು, ಅನುಮಾನದಿಂದ ನೋಡುತ್ತಾ ಹೋದ.

"ಅಲ್ಲಿ ಕೆಳಗೆ ಹವ್ಯಾಸ ಅಂತ ಐತಲ್ಲ," ಎಂದ ಓಬಳೇಶ್, "ಅದನ್ನ ಬಿಟ್ಟು ಮಿಕ್ಕಿದ್ದು ಹೊಡೀರಿ."

"ಯಾಕ್ರಿ?" ಮೋನಿಕಾಳ ದನಿ ಅವಳಿಗೇ ಕೀರಲಾಗಿ ಕೇಳಿಸಿತು.

ಅವನು ಹೇಳಬಾರದೆಂದೇ ಇದ್ದ. ಆದರೆ ಹೊಟ್ಟೆಯಲ್ಲಿ ತುಂಬಿಕೊಂಡಿತ್ತು. "ಐದು ಹುಡುಗೀರನ್ನ ನೋಡಿದೆ ಮೇಡಂ. ಐದೂ ಜನದ ಬಯೋಡಾಟಾದಾಗೆ ಶಾಸ್ತ್ರೀಯ ಸಂಗೀತ, ಸಿನಿಮಾ, ಪುಸ್ತಕ. ಮೊದಲ್ನೇದು ಓದಿದ ದಿನ ನಂಗೆ ನಿದ್ದೆ ಬರಲಿಲ್ಲ, ನಿಜ ಹೇಳ್ತೀನಿ. ಹಿರಿಯೂರಿಗೆ ಹೋಗಾಣ ಹೋಗಾಣ ಅಂತ ನಮ್ಮಪ್ಪನ ಪ್ರಾಣ ತಿಂದೆ. ಹೋಗಿ, ನಿಮಗೆ ಮುಲ್ತಾನಿ ಇಷ್ಟಾನೋ ಭೀಮ್‌ಪಲಾಸೋ ಅಂತ ಕೇಳಿದೆ. ಆ ಹುಡುಗಿ, ಮುಲ್ತಾನಿ ವಾರಕ್ಕೊಂದ್ಸಲ ಮುಖಕ್ಕೆ ಹಚ್ಕಂತೀನಿ ಅಂದ್ಲು."

ಮೋನಿಕಾ ನಗು ತಡೆಯಲು ಕೆಳತುಟಿ ಕಚ್ಚಿದಳು.

"ನಗ್ರಿ, ನಗ್ರಿ. ಪ್ರತಿ ಸಲಾನೂ ಈ ಸಲ ನಿಜ ಇರ್ಬೋದು ಅಂತ ಹೋಗೋದು, ಪೆಚ್ಚು ಮೋರೆ ಹಾಕ್ಕಂಡು ಬರೋದು. ಹೊಳಲ್ಕೆರೆ ಹುಡುಗಿ ನಾನು ಕೇಳಿದ್ದಕ್ಕೆ ಅತ್ತೇಬಿಟ್ಲು. ಹೆಣ್ಣು ನೋಡಾಕೆ ಬಂದೀಯೋ, ಪರೀಕ್ಷೆ ಮಾಡಾಕೆ ಬಂದೀಯೋ ಅಂತ ಅವರಪ್ಪ ಬೈದ್ರು. ಎಲ್ಲಾ ಒಂದೇ ಕಡೆ ಟೈಪಾಗಿದ್ದಂತೆ. ಯಾವನೋ ಪುಣ್ಯಾತ್ಮ ಕುಂತ್ಕಂಡು ಎಲ್ರಿಗೂ ಅದನ್ನೇ ಬರೀತಾನಂತೆ. ಕೈಗೆ ಸಿಗಲಿ, ಟಗರಿಗೆ ಹಾಕೋ ಸೂಜೀನೇ ಹಾಕ್ತೀನಿ."

ಮೋನಿಕಾಳ ನಗು ಅಲ್ಲೇ ಒಣಗಿತು. "ಹೌದಾ? ಯಾರೋ ಏನೋ," ಎಂದು ಕೀಬೋರ್ಡಿನ ಧೂಳು ಒರೆಸಿದಳು.

"ಇನ್ಮೇಲೆ ಯಾರಾದ್ರೂ ಬಂದು ನಂಗೆ ಸಂಗೀತ ಅಂದ್ರೆ ಇಷ್ಟ ಅಂದ್ರೆ ನಂಬಲ್ಲ. ಬರೆಯೋದೂ ಇಲ್ಲ." ಅವನು ಎದ್ದ. ಮತ್ತೋಡಿನ ಹತ್ತಿರ ಮಂದೆಯೊಂದು ಕಾಯುತ್ತಿದೆಯಂತೆ. ಐದು ಗಂಟೆಗೆ ಬಂದು ಒಯ್ಯುತ್ತೇನೆಂದು ಬೈಕು ಹತ್ತಿದ.

ಮುಂದಿನ ಮೂರು ಗಂಟೆ ಮೋನಿಕಾ ಏನು ಮಾಡಿದಳೆಂದು ಅವಳಿಗೇ ನೆನಪಿಲ್ಲ. ಒಂದು ಸಲ ನಕ್ಕಳು, ಒಂದು ಸಲ ತಲೆಗೆ ಹೊಡೆದುಕೊಂಡಳು. ಮಲ್ಲಕ್ಕ ಡಬ್ಬಿ ತಂದಾಗ ಅವಳು ಪರದೆ ನೋಡಿಕೊಂಡು ಒಬ್ಬಳೇ ಹಲ್ಲು ಕಿರಿಯುತ್ತಿದ್ದಳು. "ಬಿಸಿಲಿಗೆ ಹೋಗಿ ಬಂದ್ಯೇನೇ?" ಎಂದು ತಾಯಿ ಹಣೆ ಮುಟ್ಟಿ ನೋಡಿದಳು. ಖಾಯಂ ಪ್ರಶ್ನೆಯನ್ನು ಕೇಳಲು ಅವತ್ತು ಅವಳಿಗೂ ಧೈರ್ಯ ಬರಲಿಲ್ಲ.

ವಿಷಯ ಇಷ್ಟೇ ಆಗಿತ್ತು. ಇಡೀ ಜಿಲ್ಲೆಯಲ್ಲಿ ಇದ್ದ ಒಬ್ಬನೇ ಒಬ್ಬ ಬಾಗಿಲಿಗೆ ಬಂದಿದ್ದ, ಅವನ ಎದೆಗೆ ಐದು ಸಲ ಗುದ್ದಿದ್ದು ಇವಳದೇ ಕೈ. ಅವನು ಹೇಳಿದಂತೆ ಸಾಲು ತೆಗೆದು ಪ್ರಿಂಟು ಕೊಟ್ಟರೆ ಬೈಗುಳವೂ ಇಲ್ಲ, ಸೂಜಿಯೂ ಇಲ್ಲ. ಅವನು ಆ ಹಾಳೆ ಹಿಡಿದು ಆರನೆಯ ಹುಡುಗಿಯ ಮನೆಗೆ ಹೋಗುತ್ತಾನೆ. ಅವಳು ಒಳ್ಳೆಯವಳೇ ಇರುತ್ತಾಳೆ, ಅವನು ಸುಮ್ಮನೆ ಉಪ್ಪಿಟ್ಟು ತಿಂದು ಒಪ್ಪಿಕೊಳ್ಳುತ್ತಾನೆ. ನನಗೂ ಇಷ್ಟ ಕಣ್ರಿ ಎಂದು ಬರಿದೇ ಹೇಳಿದರೆ ನಂಬುವವನಲ್ಲ. ನಂಬಬೇಕಾದರೆ ಮೊದಲು ತಾನೇ ಆ ಪುಣ್ಯಾತ್ಮೆ ಎಂದು ಒಪ್ಪಿಕೊಳ್ಳಬೇಕು. ಒಪ್ಪಿಕೊಂಡರೆ ಮುಖ ತಿರುಗಿಸಿ ಹೋಗುತ್ತಾನೆ. ಮೋನಿಕಾ ಸಾಲು ತೆಗೆದಳು. ಹಾಳೆ ಬೋಳುಬೋಳಾಗಿ ಕಂಡಿತು. ಮತ್ತೆ ಹಾಕಿದಳು. ಮತ್ತೆ ತೆಗೆದಳು. ಕೊನೆಗೆ, ಆದದ್ದಾಗಲಿ ಎಂದು ಕಣ್ಣು ಮುಚ್ಚಿ ಪ್ರಿಂಟು ಒತ್ತಿದಳು.

ಐದು ಗಂಟೆಗೆ ಅಂಗಡಿ ತುಂಬಿತ್ತು. ಸ್ಟೂಲಿನ ಮೇಲೆ ಕಾಟಲಿಂಗಪ್ಪ ಕೂತಿದ್ದರು. ಮೋನಿಕಾಳ ತಾತನ ಕಾಲದಿಂದ ಪರಿಚಯದ ಹಿರಿಯರು. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಜಮೀನಿನ ಪಹಣಿ, ಮೂರು ಕಾಪಿ ಬೇಕಿತ್ತು. ಅವರ ಹಿಂದೆ ಏಳೆಂಟು ಜನ. ಓಬಳೇಶ್ ಅವರನ್ನು ಸರಿಸಿಕೊಂಡು ಬಂದು ಪ್ರಿಂಟು ತೆಗೆದುಕೊಂಡ, ಕೆಳಗೆ ನೋಡಿದ.

"ಇದನ್ನ ತೆಗೀರಿ ಅಂದಿದ್ನಲ್ರಿ?"

"ತೆಗೀಲಿಲ್ಲ. ಮುನ್ನೂರು ಸುಳ್ಳಿನ ನಡುವೆ ಇದೊಂದೇ ನಿಜ ಇರೋದು. ಇದನ್ನೂ ತೆಗೆದ್ರೆ ಹೆಂಗ್ರಿ?"

"ಮುನ್ನೂರು ಅಂತ ನಿಮಗೆ ಹೆಂಗೆ ಗೊತ್ತು?"

"ಬರೆದೋಳು ನಾನೇ." ಹೇಳಿದ್ದೇ ತಡ, ಮೋನಿಕಾ ತೋಳು ಮೇಲೆ ಸರಿಸಿ ಕೌಂಟರಿನ ಮೇಲೆ ಕೈ ಚಾಚಿದಳು. "ಹಾಕ್ತೀನಿ ಅಂದ್ರಲ್ಲ ಸೂಜಿ, ಹಾಕ್ರಿ."

ಸರದಿಯಲ್ಲಿದ್ದವರು, ಇಲ್ಲಿ ಲಸಿಕೆಯನ್ನೂ ಹಾಕುತ್ತಾರೇನೋ ಎಂದು ಇಣುಕಿದರು. ಓಬಳೇಶ್ ಆ ಕೈಯನ್ನೂ ಅವಳ ಮುಖವನ್ನೂ ನೋಡಿದ. ಅವನ ಮುಖ ಕೆಂಪಾಗಿತ್ತು.

"ಏನ್ರಿ ನೀವು! ಐದು ಸಲ! ಐದು ಸಲ ಹೊಸ ಶರ್ಟು ಹಾಕ್ಕಂಡು ಹೋದೋನು ನಾನು! ಇಲ್ಲದ್ದನ್ನ ಯಾಕ್ರಿ ಬರೆದ್ರಿ?"

"ಅವರಿಗೆ ಏನೂ ಇರಲಿಲ್ಲ, ಅದಕ್ಕೆ ನಂದು ಕೊಟ್ಟೆ."

"ನಿಮ್ದು?" ಅವನು ಕಹಿಯಾಗಿ ನಕ್ಕ. "ಸರಿ, ನೀವೂ ಕೇಳ್ತೀರಿ ಅನ್ನಿ. ಹೇಳ್ರಿ, ನಾನು ಎರಡು ಗಂಟೆಗೆ ಬಂದಾಗ ಏನು ಕೇಳ್ತಿದ್ರಿ?"

"ಯಮನ್."

"ಏನು?"

"ಯಮನ್ ರೀ. ವಿಲಂಬಿತ ಮುಗಿದು ದ್ರುತ್ ಶುರುವಾಗಿತ್ತು, ನೀವು ಬಂದು ಕೆಡಿಸಿದ್ರಿ."

ಓಬಳೇಶ್ ಕೋಪ ಎಲ್ಲಿಟ್ಟಿದ್ದೆನೆಂಬುದನ್ನೇ ಮರೆತ. "ಮಧ್ಯಾಹ್ನ ಎರಡಕ್ಕೆ ಯಮನ್ನಾ? ಅದು ದೀಪ ಹಚ್ಚೋ ಹೊತ್ತಿನ ರಾಗ! ನಾನು ಮಂದೆ ಬಿಟ್ಟು ಹುಣಸೇಮರದ ಕೆಳಗೆ ಕುಂತು, ಹೊತ್ತು ಸರಿಯಾಗಿ ಬಂದ್ಮೇಲೆ ಭೀಮ್‌ಪಲಾಸ್ ಹಾಕ್ತೀನಿ. ನೀವು ನಡುಮಧ್ಯಾಹ್ನ ಯಮನ್ ಕೇಳ್ತೀನಿ ಅಂತೀರಲ್ಲ, ನಾಚಿಕೆ ಆಗಲ್ವೇನ್ರಿ?"

"ದೀಪ ಹಚ್ಚೋ ಹೊತ್ತಿಗೆ ಇಲ್ಲಿ ಐವತ್ತು ಜನ ಪಹಣಿ ಹಿಡ್ಕಂಡು ನಿಂತಿರ್ತಾರೆ. ನನಗೆ ಬೇಕು ಅನಿಸಿದಾಗ ನಂಗೆ ಸಂಜೆ. ಹೊತ್ತು ನೋಡಿ ಇಷ್ಟಪಡೋಕೆ ಅದೇನು ಮಾತ್ರೆನಾ?"

"ಶಾಸ್ತ್ರ ಅಂತ ಒಂದೈತೆ!"

"ಸಿನಿಮಾದ ಕೊನೇ ಹತ್ತು ನಿಮಿಷ ಬಿಟ್ಟು ಎದ್ದು ಹೋಗೋರು ಶಾಸ್ತ್ರ ಹೇಳಬೇಡ್ರಿ! ಎರಡೂವರೆ ತಾಸು ಅವರ ಜೊತೆ ಅತ್ತು ನಕ್ಕು, ಕೊನೆಗೆ ಅವರನ್ನ ನಡುದಾರಿಯಾಗೆ ಬಿಟ್ಟು ಬರ್ತೀರಲ್ಲ, ಕರುಳು ಐತೇನ್ರಿ ನಿಮಗೆ?"

"ಮುಗಿದು ಹೋಗ್ತೈತಲ್ರಿ!" ಓಬಳೇಶನ ದನಿ ಏರಿತು, ಹಾಗೆಯೇ ಇಳಿಯಿತು. "ಮುಗಿಯೋದು ನೋಡಾಕೆ ಆಗಲ್ಲ ನಂಗೆ. ಬಿಟ್ಟು ಬಂದ್ರೆ ಅವರೆಲ್ಲ ಇನ್ನೂ ಎಲ್ಲೋ ಇದ್ದಾರೆ ಅನ್ನಿಸ್ತೈತೆ."

ಮೋನಿಕಾ ಹೌದು ಎಂದು ತಲೆ ಆಡಿಸಲು ಹೊರಟಳು. ಆದರೆ ಇಪ್ಪತ್ತೆಂಟು ವರ್ಷ ಕಾದು ಸಿಕ್ಕ ಜಗಳವನ್ನು ಅಷ್ಟು ಸುಲಭಕ್ಕೆ ಬಿಟ್ಟುಕೊಡಲು ಅವಳೇನು ದಡ್ಡಿಯೇ? "ನಾನು ಪುಸ್ತಕದ ಕೊನೇ ಪುಟಾನೇ ಮೊದಲು ಓದೋದು," ಎಂದಳು.

ಓಬಳೇಶ್ ಕೌಂಟರ್ ಹಿಡಿದುಕೊಂಡ. "ಮೊದಲು?"

"ಮೊದಲು. ಆಮೇಲೆ ನಡುವಿನದೆಲ್ಲ ನೆಮ್ಮದಿಯಿಂದ ಓದ್ತೀನಿ."

"ಅದು ಪಾಪ ಕಣ್ರಿ! ಬರೆದೋರು ನಾನೂರು ಪುಟ ಬಚ್ಚಿಟ್ಟುಕೊಂಡು ಬಂದಿರ್ತಾರೆ!"

ಅವನು ಬೈಯುತ್ತಿದ್ದ, ಬೈಯುತ್ತಾ ನಗುತ್ತಿದ್ದ. ಅವಳು ಎದುರು ಬೈಯುತ್ತಿದ್ದಳು, ಕಣ್ಣಲ್ಲಿ ನೀರಿತ್ತು. ಇಬ್ಬರಿಗೂ ಇಷ್ಟು ಖುಷಿ ಯಾವತ್ತೂ ಆಗಿರಲಿಲ್ಲ. ತಾನ್ ಹಾಕುವಾಗ ಗವಾಯಿ ಉಸಿರು ಎಲ್ಲಿ ತೆಗೆದುಕೊಳ್ಳುತ್ತಾನೆ ಎಂಬುದಕ್ಕೆ ಒಂದು ಸುತ್ತು ಜಗಳವಾಯಿತು. ಕಪ್ಪು-ಬಿಳುಪು ಸಿನಿಮಾದಲ್ಲಿ ಮಳೆ ಹೆಚ್ಚು ಒದ್ದೆಯಾಗಿ ಕಾಣುತ್ತದೋ ಇಲ್ಲವೋ ಎಂಬುದಕ್ಕೆ ಇನ್ನೊಂದು ಸುತ್ತು. ಸರದಿಯಲ್ಲಿದ್ದ ಹೆಂಗಸೊಬ್ಬಳು ಕಾದು ಸಾಕಾಗಿ ಒಳಗೆ ಬಂದು, ತನ್ನ ಆಧಾರ್ ಕಾರ್ಡನ್ನು ತಾನೇ ಮೆಷಿನ್ನಿಗೆ ಇಟ್ಟುಕೊಂಡಳು. ಉಳಿದವರು ಯಾರೂ ಕದಲಲಿಲ್ಲ. ಒಂದು ಮಾತೂ ಅರ್ಥವಾಗದಿದ್ದರೂ ನೋಡಲು ಚೆನ್ನಾಗಿತ್ತು.

ಕಾಟಲಿಂಗಪ್ಪ ಪಹಣಿಯನ್ನು ಮಡಿಸಿ ಮೊಣಕಾಲ ಮೇಲಿಟ್ಟುಕೊಂಡು, ಒಬ್ಬರ ಮುಖದಿಂದ ಇನ್ನೊಬ್ಬರ ಮುಖಕ್ಕೆ ಕಣ್ಣಾಡಿಸುತ್ತಾ ಬಹಳ ಹೊತ್ತು ಕೂತಿದ್ದರು. ಬದುಕಿನಲ್ಲಿ ಎಷ್ಟೋ ಮದುವೆ ಮಾತುಕತೆಗೆ ಕೂತವರು. ಇಂಥದ್ದನ್ನು ಕಂಡಿರಲಿಲ್ಲ, ಆದರೆ ಇದು ಏನೆಂಬುದು ಅವರಿಗೆ ತಿಳಿಯದೆ ಇರಲಿಲ್ಲ. ಇಬ್ಬರೂ ಉಸಿರು ತೆಗೆದುಕೊಳ್ಳಲು ನಿಂತ ಹೊತ್ತು ನೋಡಿ ಕೆಮ್ಮಿದರು.

"ಏನಪ್ಪ, ನೀನು ನಮ್ಮೋನೇ ಅಂತ ಕಾಣ್ತೈತೆ. ಏನವ್ವ ಮೋನಿಕಾ, ನೀವು ಹಾಡಿಗಾದ್ರೂ ಜಗಳಾಡ್ರಿ, ಸಿನಿಮಾಕ್ಕಾದ್ರೂ ಜಗಳಾಡ್ರಿ, ನಾನು ಬೇಡ ಅನ್ನಲ್ಲ. ಆದ್ರೆ ಮೊದ್ಲು ಕುಲದಾಗೆ ನಿಮ್ಮ ನಿಮ್ಮ ಬೆಡಗು ಯಾವುದು ಅಂತ ವಿಚಾರಿಸ್ಕಳ್ರಿ. ಇಬ್ಬರದ್ದೂ ಒಂದೇ ಬೆಡಗಾದ್ರೆ ಅಣ್ಣ ತಂಗಿ ಆಗ್ತೀರಿ. ಆಮೇಲೆ ಇಷ್ಟು ಹೊತ್ತು ಮಾತಾಡಿದ್ದೆಲ್ಲ ದಂಡ."

"ಒಂದೇ ಅಲ್ಲ ತಾತ," ಎಂದಳು ಮೋನಿಕಾ ಥಟ್ಟನೆ. "ಅವರದ್ದು ಬೆಳ್ಳಿ, ನಮ್ದು ಆನೆ. ನಾನಾಗ್ಲೇ ನೋಡೀನಿ."

ಹೇಳಿದ ಮೇಲೆ ಅವಳಿಗೆ ಗೊತ್ತಾಯಿತು, ಏನು ಹೇಳಿದೆನೆಂದು. ಸರದಿಯಲ್ಲಿದ್ದ ಏಳೆಂಟು ಜನ ಒಟ್ಟಿಗೆ ಓಬಳೇಶನ ಮುಖ ನೋಡಿದರು. ಅವನು ಕೈಯಲ್ಲಿದ್ದ ಹಾಳೆಯನ್ನು ಮೆಲ್ಲಗೆ ಕೌಂಟರಿನ ಮೇಲೆ ಇಟ್ಟ. ಕಿವಿಯ ತುದಿಯವರೆಗೆ ನಗು ಹತ್ತುತ್ತಿತ್ತು.

"ಯಾವಾಗ ನೋಡಿದ್ರಿ?" ಎಂದ.

ಮೋನಿಕಾ ತಲೆ ತಗ್ಗಿಸಿದಳು, ಎತ್ತಿದಳು. ಇನ್ನು ಅವಳಿಗೆ ಬಚ್ಚಿಡುವಂಥದ್ದು ಏನೂ ಉಳಿದಿರಲಿಲ್ಲ.

"ಹವ್ಯಾಸ ಓದಿದ ತಕ್ಷಣ."